ಹಬ್ಬದ ಊಟವಾದ ಮೇಲೆ ಓದಿದ ಹೆಸರು

ಚಂದ್ರಪ್ರಭಾ ಸೇಡು ತೀರಿಸಿಕೊಂಡದ್ದನ್ನು ನಾನು ಅವಳ ಪಕ್ಷ ವಹಿಸಿಯೇ ಹೇಳುತ್ತೇನೆ. ಎರಡೂ ಕಡೆಯವರ ಮಾತು ಕೇಳಿ ತೂಗಿ ನೋಡುವ ಸಹನೆ ನನಗಿಲ್ಲ.

ಆಸ್ಟ್ರೇಲಿಯಾದ ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿ ಅವಳದು ನಮ್ಮ ಪಕ್ಕದ ಮನೆ. ಗಂಡ ಮಲ್ಲಿಕಾರ್ಜುನ ಗಣಿಯಲ್ಲಿ ಭೂವಿಜ್ಞಾನಿ, ಅರ್ಧ ತಿಂಗಳು ಉತ್ತರದ ಕೆಂಪು ಮಣ್ಣಿನಲ್ಲೇ ಇರುತ್ತಾನೆ. ಇವಳು ಇಲ್ಲಿ ಗರಾಜಿನಲ್ಲಿ ಬಿಳಿ ಮಣ್ಣು ಹಿಡಿದಳು. ಮೊದಲು ಟೀ ಕಪ್ಪು, ಹೂಕುಂಡ. ಆಮೇಲೆ ಬಾತ್‌ರೂಮಿನ ಕಟ್ಟೆಯ ಮೇಲೆ ಬೋಗುಣಿಯ ಹಾಗೆ ಕೂರಿಸುವ ಬೇಸಿನ್ನುಗಳು. ಅಂಚಿಗೆ ತಾವರೆ ದಳ, ಒಳಗೆ ಹಾಲಿನ ಹೊಳಪು. ಮೊಟ್ಟಮೊದಲನೆಯದು ಕೆಟ್ಟಿತು. ಗಾಜಿನ ಲೇಪ ಒಂದು ಕಡೆ ತಪ್ಪಿಹೋಗಿತ್ತು, ಹುಳಿಯನ್ನ ಉಂಡ ಕೈ ತೊಳೆದದ್ದೇ ತಡ, ಆ ಬರಿಮಣ್ಣು ಅರಿಶಿನ ಕುಡಿದು ಹಳದಿಯಾಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಈಗ ಅದರಲ್ಲಿ ಕರಿಬೇವಿನ ಗಿಡವಿದೆ.

ಜ್ಯೋತ್ಸ್ನಾ ಅವಳ ಮೈಸೂರಿನ ಕಾಲೇಜು ಗೆಳತಿ, ಇಲ್ಲೇ ಹೊಸ ಮನೆ ಕಟ್ಟಿಸಿದವಳು. ಅವಳ ಗೃಹಪ್ರವೇಶಕ್ಕೆ ಚಂದ್ರಪ್ರಭಾ ಒಂದು ಬೇಸಿನ್ ಮಾಡಿಕೊಡಲು ಹೊರಟಳು. ನಮ್ಮಲ್ಲಿ ಪಾತ್ರೆ ಉಡುಗೊರೆ ಕೊಡುವುದೆಂದರೆ ಹೆಸರು ಕೊರೆಸಿಯೇ ಕೊಡುವುದು. ಚೊಂಬಿರಲಿ, ಇಡ್ಲಿ ಪಾತ್ರೆಯಿರಲಿ, ಚುಕ್ಕಿ ಚುಕ್ಕಿ ಅಕ್ಷರ ಇರಲೇಬೇಕು. ಇದರ ಮೇಲೂ ಕೊರೆಯಲೇ ಎಂದು ಅವಳು ಕೇಳಿದಳು.

"ಹೆಸರು ಗಿಸರು ಬೇಡ ಕಣೆ," ಎಂದಳು ಜ್ಯೋತ್ಸ್ನಾ. "ಬಾತ್‌ರೂಮು ಪಾತ್ರೆ ಅಂಗಡಿ ಥರ ಕಾಣುತ್ತೆ."

ಬೇಸಿನ್ ಹೆಸರಿಲ್ಲದೆ ಹೋಯಿತು. ಗೃಹಪ್ರವೇಶದ ದಿನ ಅಪರ್ಣಾ ಅದರ ಮುಂದೆ ನಿಂತುಬಿಟ್ಟಳು. ಅವಳು ಬೆಂಗಳೂರಿನವಳು, ಇಲ್ಲಿಯ ಒಬ್ಬ ಬಿಲ್ಡರ್ ಹತ್ತಿರ ಹೊಸ ಮನೆಗಳಿಗೆ ನಲ್ಲಿ, ಟೈಲ್ಸು ಆರಿಸುವ ಕೆಲಸ.

"ಎಲ್ಲಿ ಸಿಕ್ತು ಇದು? ನಮ್ಮ ಮನೆಗಳಿಗೆಲ್ಲ ಇಂಥದ್ದೇ ಹುಡುಕ್ತಿದೀನಿ."

"ಇಟಲಿಯಿಂದ ತರಿಸಿದ್ದು," ಎಂದಳು ಜ್ಯೋತ್ಸ್ನಾ. ಪಕ್ಕದಲ್ಲೇ ನಿಂತಿದ್ದ ಚಂದ್ರಪ್ರಭಾಳನ್ನು ತೋರಿಸಿ, "ಇವಳೂ ಮಣ್ಣಲ್ಲಿ ಏನೋ ಟೈಮ್‌ಪಾಸ್ ಮಾಡ್ತಿರ್ತಾಳೆ," ಎಂದೂ ಸೇರಿಸಿದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟು ಜನರ ಎದುರು ಗೆಳತಿಯನ್ನು ಸುಳ್ಳುಬುರುಕಿ ಎನ್ನಲು ಚಂದ್ರಪ್ರಭಾಳ ನಾಲಿಗೆ ಏಳಲಿಲ್ಲ. ನನ್ನದಾಗಿದ್ದರೆ ಎದ್ದು ಕುಣಿದಿರುತ್ತಿತ್ತು. ಆ ವಾರವೆಲ್ಲ ಅವಳು ಮಣ್ಣು ಕುಟ್ಟುವ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು.

"ಹೊಟ್ಟೆ ಉರೀತಿದೆ ಅಕ್ಕ," ಎಂದಳು. "ಅವಳ ಮನೇಲೇ, ಆ ಅಪರ್ಣಾ ಬಾಯಲ್ಲೇ ನನ್ನ ಹೆಸರು ಓದಿಸ್ತೀನಿ."

ದಾರಿಯನ್ನು ಜ್ಯೋತ್ಸ್ನಾಳೇ ತೋರಿಸಿದಳು. ಗಣೇಶನ ಹಬ್ಬ ಹತ್ತಿರ ಬಂದಾಗ ಫೋನ್ ಮಾಡಿ, ಊಟದ ಹಾಲ್ ಪಕ್ಕದ ಬಾತ್‌ರೂಮಿಗೂ ಅಂಥದ್ದೇ ಒಂದು ಬೇಕೆಂದಳು. ಇಟಲಿಯ ಜೋಡಿ ಅನ್ನಿಸಬೇಕಂತೆ. ನಾಚಿಕೆ ಎಂಬುದು ಎಲ್ಲರ ಮನೆಯಲ್ಲೂ ಇರುವುದಿಲ್ಲ.

ಚಂದ್ರಪ್ರಭಾ ಮಾಡಿದಳು, ಮನಸ್ಸಿಟ್ಟು ಮಾಡಿದಳು. ಒಳಗೆಲ್ಲ ರಂಗೋಲಿಯಂತೆ ಬಿಳಿ ಚುಕ್ಕಿ ಇಟ್ಟಳು. ಹೆಚ್ಚಿನವಕ್ಕೆ ಲೇಪವಿತ್ತು. ನಡುವಿನ ಕೆಲವಕ್ಕೆ ಮಾತ್ರ ಲೇಪ ಕೆರೆದು ಬರಿಮಣ್ಣು ಬಿಟ್ಟು ಸುಟ್ಟಳು. ಬಿಳಿಯ ಮೇಲೆ ಬಿಳಿ, ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಜ್ಯೋತ್ಸ್ನಾ ಬೆರಳಾಡಿಸಿ ಚುಕ್ಕಿಗಳನ್ನು ಮೆಚ್ಚಿಕೊಂಡಳು. ಹಬ್ಬದವರೆಗೆ ಆ ಬಾತ್‌ರೂಮಿಗೆ ಯಾರನ್ನೂ ಬಿಡಲಿಲ್ಲ.

"ಹಬ್ಬಕ್ಕೆ ಚಿತ್ರಾನ್ನ ನಾನೇ ತರ್ತೀನಿ," ಎಂದಳು ಚಂದ್ರಪ್ರಭಾ. ಆ ಬೆಳಿಗ್ಗೆ ಒಗ್ಗರಣೆಗೆ ಅವಳು ಅರಿಶಿನ ಸುರಿದದ್ದನ್ನು ನಾನು ಕಣ್ಣಾರೆ ಕಂಡೆ. ತಡೆಯಲಿಲ್ಲ, ಇನ್ನೊಂದು ಚಮಚ ಹಾಕು ಎಂದೆ.

ಊಟ ಮುಗಿಯಿತು. ಜನ ಒಬ್ಬರ ಹಿಂದೊಬ್ಬರು ಎಂಜಲು ಕೈ ಹಿಡಿದು ಬೇಸಿನ್ನಿಗೆ ಸಾಲುಗಟ್ಟಿದರು. ಚಂದ್ರಪ್ರಭಾ ಮಾತ್ರ ಅಪರ್ಣಾಳ ಪಕ್ಕ ಕೂತು, ಇನ್ನೊಂದು ಸ್ವಲ್ಪ ಪಾಯಸ ಹಾಕಿಸಿಕೊಳ್ಳಿ ಎಂದು ಅವಳನ್ನು ತಡೆದು ಕೂರಿಸಿದ್ದಳು. ಕೊನೆಗೆ ಅಪರ್ಣಾ ಎದ್ದು ಹೋಗಿ ನಲ್ಲಿ ತಿರುಗಿಸಿದಳು. ಕೈ ತೊಳೆಯುವುದನ್ನು ಬಿಟ್ಟು ಬಗ್ಗಿ ನೋಡಿದಳು. ಹಳದಿ ಚುಕ್ಕಿಗಳು ಅಕ್ಷರವಾಗಿದ್ದವು.

"ಚಂದ್ರಪ್ರಭಾ, ವಿಲೆಟನ್," ಎಂದು ಎಲ್ಲರಿಗೂ ಕೇಳುವಂತೆ ಓದಿದಳು. "ಜ್ಯೋತ್ಸ್ನಾ, ಇಟಲಿಯವರು ಕನ್ನಡ ಯಾವಾಗ ಕಲಿತ್ರು?"

ಜ್ಯೋತ್ಸ್ನಾ ಓಡಿಬಂದಳು. ಬಟ್ಟೆ ಸೋಪಿನ ತುಂಡು ತಂದು ಗಸಗಸ ಉಜ್ಜಿದಳು. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಅರಿಶಿನದ ಕಲೆ ಒಗೆದ ಯಾರಿಗಾದರೂ ಗೊತ್ತು. ಗಾಬರಿಯಲ್ಲಿ ಅವಳಿಗೆ ಮರೆತೇಹೋಗಿತ್ತು. ಹಳದಿ ಹೆಸರು ಓಕುಳಿ ನೀರಿನಂತೆ ಕೆಂಪಾಯಿತು. ಈಗ ಬಾಗಿಲಲ್ಲಿ ನಿಂತವರಿಗೂ ಓದಲು ಬರುತ್ತಿತ್ತು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ.

"ನಾಳೆ ನಿಮ್ಮ ಗರಾಜಿಗೆ ಬರಬಹುದಾ?" ಎಂದು ಅಪರ್ಣಾ ಚಂದ್ರಪ್ರಭಾಳನ್ನು ಕೇಳಿದಳು.

"ಬನ್ನಿ," ಎಂದಳು ಇವಳು. ಆಮೇಲೆ ಇನ್ನೂ ಉಜ್ಜುತ್ತಲೇ ಇದ್ದ ಗೆಳತಿಯ ಕೈಯಿಂದ ಸೋಪು ತೆಗೆದು ಪಕ್ಕಕ್ಕಿಟ್ಟಳು.

"ಬೇಡವಾದ್ರೆ ವಾಪಸ್ ಕಳಿಸು ಕಣೆ. ಯಾರ ಮನೆ ಪಾತ್ರೆ ಅಂತ ಬರೆದಿದೆಯಲ್ಲ."