ಕಳ್ಳರ ವಿದ್ಯೆ ಓದಿದ ಸೊಸೆ

ಹೋದ ತಿಂಗಳು ಪಿಂಚಣಿ ಕೆಲಸಕ್ಕೆಂದು ವಾಡಿಯಿಂದ ಚಿತ್ತಾಪುರಕ್ಕೆ ಹೋಗಿದ್ದೆ. ಕಚೇರಿಯವರು ಕಾರ್ಡಿನ ಝೆರಾಕ್ಸ್ ತನ್ನಿ ಎಂದರು. ಎದುರಿನ ಅಂಗಡಿಯಾಕೆ ಯಂತ್ರದಿಂದ ಎಳೆದು ಕೊಟ್ಟ ಹಾಳೆ ಇನ್ನೂ ಬಿಸಿ ಇತ್ತು. ಮಸಿ ಸುಟ್ಟಂಥ ವಾಸನೆ. ಆ ವಾಸನೆ ಒಂದು ಕಾಲದಲ್ಲಿ ನನ್ನ ಮನೆ ತುಂಬ ಇತ್ತು. ಹಿಟ್ಟಿನ ಡಬ್ಬಿಯ ಮೇಲೆ, ಹಾಸಿಗೆಯ ಕೆಳಗೆ, ಎಲ್ಲಿ ನೋಡಿದರೂ ಝೆರಾಕ್ಸ್ ಹಾಳೆ. ಸೊಸೆಗೆ ಇಂಗ್ಲಿಷ್ ಪುಸ್ತಕ ಕೊಳ್ಳುವ ತಾಕತ್ತು ಇರಲಿಲ್ಲ. ಯಾರದೋ ಪುಸ್ತಕ ಇಸಿದುಕೊಂಡು ಹೈದರಾಬಾದಿನಲ್ಲಿ ಝೆರಾಕ್ಸ್ ಮಾಡಿಸಿ ತರುತ್ತಿದ್ದಳು. ತಂದವಳು ಮೊದಲು ಮೂಗಿಗೆ ಹಿಡಿಯುತ್ತಿದ್ದಳು, ಬಿಸಿ ರೊಟ್ಟಿ ಮೂಸಿದ ಹಾಗೆ...

ಅವಳು ಸುಲೇಪೇಟದ ಟೇಲರನ ಹಿರಿಯ ಮಗಳು. ಬಿ.ಎಸ್ಸಿ. ಮುಗಿಸಿ ನಮ್ಮ ಮನೆಗೆ ಬಂದಳು. ನನ್ನ ಮಗ ಹತ್ತನೆಯದರಲ್ಲಿ ನಪಾಸಾದವನು, ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸ. ಹೆಂಡತಿ ತನಗಿಂತ ಹೆಚ್ಚು ಓದಿದವಳು ಎಂದು ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಶಹಾಬಾದ್ ರಸ್ತೆಯಲ್ಲಿ ಲಾರಿ ಹೊಡೆದು ಸತ್ತ. ಅದನ್ನು ಇಲ್ಲಿ ಹೇಳುವುದಿಲ್ಲ. ಹೇಳಲು ಕೂತರೆ ಬೇರೆ ಏನನ್ನೂ ಹೇಳಲಾಗುವುದಿಲ್ಲ.

ಅವಳ ಅಪ್ಪ ಕರೆದುಕೊಂಡು ಹೋಗಲು ಬಂದ. ತವರಲ್ಲಿ ಮದುವೆ ವಯಸ್ಸಿಗೆ ಬಂದ ಇಬ್ಬರು ತಂಗಿಯರಿದ್ದರು. ತಾನು ಹೋಗಿ ಕೂತರೆ ಅವರಿಗೆ ಗಂಡು ಸಿಗುವುದು ತ್ರಾಸ ಎಂದು ಅವಳು ಹೋಗಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ದಿನ ಜೋಳ ಹಸನು ಮಾಡುತ್ತ ಕೂತಾಗ ಬಾಯಿ ಬಿಟ್ಟಳು.

"ಅತ್ತಿ, ನಾ ಇನ್ನೊಂದ್ ಡಿಗ್ರಿ ಓದ್ತೀನ್ರಿ. ಕಂಪ್ಯೂಟರ್, ನೆಟ್‌ವರ್ಕ್ ಸೆಕ್ಯೂರಿಟಿ ಅಂತ ಅದ. ಕಳ್ಳರು ಕಂಪ್ಯೂಟರದಾಗ ಹೆಂಗ ಹೊಕ್ತಾರ, ಹೆಂಗ ತಡೀಬೇಕು, ಅದು."

ಎರಡು ಸಾವಿರ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ವಾಡಿಯಲ್ಲಿ ಕಂಪ್ಯೂಟರ್ ಎಂದರೆ ರೈಲ್ವೆ ಟಿಕೆಟ್ ಕೊಡುವ ಕಿಟಕಿಯೊಳಗೆ ಕಂಡರೆ ಕಂಡಿತು. ಸುದ್ದಿ ಕೇಳಿ ನನ್ನ ಮೈದುನ ಓಡಿ ಬಂದ.

"ಗಂಡ ಸತ್ತ್ ವರ್ಷ ತುಂಬಿಲ್ಲ, ಕಳ್ಳತನ ಕಲೀಲಿಕ್ಕ ಹೈದ್ರಾಬಾದಕ್ಕ ಹೊಂಟಾಳಂತ. ವೈನಿ, ನಿಮಗರ ಬುದ್ಧಿ ಬ್ಯಾಡೇನ್ರಿ?"

"ಬುದ್ಧಿ ನಿಮ್ಮ ಮನ್ಯಾಗ ಭಾಳ ಅದಲ್ಲ, ಜರಾ ಇಲ್ಲಿ ಬಿಟ್ಟು ಹೋಗು" ಎಂದೆ.

ಪ್ರೀತಿಯಿಂದ ಕಳಿಸಿದೆ ಎಂದು ಯಾರೂ ತಿಳಿಯಬಾರದು. ನಾನೂ ಗಂಡ ಸತ್ತವಳು. ಇಬ್ಬರು ಒಂದೇ ಒಲೆಯ ಮುಂದೆ ಮುಖ ಮುಖ ನೋಡುತ್ತ ಕೂತರೆ ಒಬ್ಬರಿಗೊಬ್ಬರು ವಿಷವಾಗುತ್ತೇವೆ ಅನಿಸಿತ್ತು, ಅಷ್ಟೇ. ಅವಳು ಪರೀಕ್ಷೆ ಬರೆದಳು, ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು.

ಶನಿವಾರ ಸಂಜೆ ಹೈದರಾಬಾದಿನ ಗಾಡಿಯಲ್ಲಿ ಸೇಡಂ ಮೇಲಿಂದ ಬರುತ್ತಿದ್ದಳು. ಭಾನುವಾರವಿಡೀ ಗಟ್ಟಿಯಾಗಿ ಓದುತ್ತಿದ್ದಳು. ನಾನು ಮೂರನೆಯ ತರಗತಿಗೆ ಶಾಲೆ ಬಿಟ್ಟವಳು, ಒಂದಕ್ಷರ ತಿಳಿಯುತ್ತಿರಲಿಲ್ಲ. ಸುಮ್ಮನೆ ಕೇಳುವುದು ಬೇಸರವಾಗಿ ಒಮ್ಮೆ, ಇದರಾಗ ಏನದ ಹೇಳು ಎಂದೆ.

"ಬಾಗಿಲಕ್ಕ ಕೀಲಿ ಹಾಕಿದ್ರ ಸಾಲದ್ರಿ ಅತ್ತಿ. ಬಂದವರು ಯಾರು, ಖರೇ ಅವರೇ ಹೌದೋ ಅಲ್ಲೋ, ಒಳಗ ಬಂದ್ ಮ್ಯಾಲ ಯಾವ ಖೋಲಿ ತನಕ ಹೋಗಬಹುದು, ಹೋಗಿ ಏನ್ ಮುಟ್ಟಿದ್ರು, ಎಲ್ಲಾ ನಿಗಾ ಇಡಬೇಕು."

"ಅದು ಅತ್ತಿ ಕೆಲಸ ಆತಲ್ಲ. ಅದಕ್ಕೇನು ಯೂನಿವರ್ಸಿಟಿ ಬೇಕು?"

ಅವಳು ನಕ್ಕಳು. ಮಗ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು. ನಾನು ತಿರುಗಿ ಒಲೆಯ ಕಡೆ ನೋಡಿದೆ.

ಓಣಿಯ ಹೆಂಗಸರಿಗೆ ಅವಳು ಬೀಗ ಮುರಿಯುವ ವಿದ್ಯೆ ಕಲಿಯುತ್ತಿದ್ದಾಳೆ ಎಂದು ಗೊತ್ತಾಗಿತ್ತು. ಒಬ್ಬಾಕೆ ಕೀಲಿ ಕಳೆದ ಟ್ರಂಕನ್ನೇ ಹೊತ್ತು ತಂದಳು. ಇನ್ನೊಬ್ಬಾಕೆ ಗಂಡನ ಮೊಬೈಲು ಸೆರಗಿನಲ್ಲಿ ಮುಚ್ಚಿ ತಂದು, "ಇದರಾಗ ಅಂವ ಯಾರ ಸಂಗಾಟ ಮಾತಾಡ್ಲಿಕತ್ತಾನ, ಒಂದೀಟು ತೆಗೆದು ತೋರ್ಸು ತಂಗಿ" ಎಂದಳು. ಸೊಸೆ ಮುಟ್ಟಲಿಲ್ಲ.

"ಅವರು ಹೂಂ ಅನ್ನಬೇಕ್ರಿ ಅಕ್ಕಾರ. ಅವರು ಹೂಂ ಅನ್ನದ ನಾ ತೆಗೆದ್ರ ನಾನೇ ಕಳ್ಳಿ."

"ಅಂವ ಹೂಂ ಅಂದ್ರ ನಿನ್ನ ಕಡಿ ಯಾಕ ಬರ್ತಿದ್ದೆ?" ಎಂದು ಆಕೆ ಬೈದುಕೊಳ್ಳುತ್ತ ಹೋದಳು.

ಅವರಿಗೆ ಕಲಿಸುತ್ತಿದ್ದುದೇ ಹಾಗಂತೆ. ಒಡೆಯುವುದನ್ನು ಕಲಿಯಬೇಕು, ಆದರೆ ಯಜಮಾನ ಒಪ್ಪದೆ ಒಂದು ಬಾಗಿಲನ್ನೂ ಮುಟ್ಟಬಾರದು. ಅವಳಿಗೆ ಅದು ರಕ್ತಕ್ಕೇ ಇಳಿದಿತ್ತು. ಹಸಿವಾದರೂ ನನ್ನ ಬೆಲ್ಲದ ಡಬ್ಬಿಯನ್ನು ಕೇಳದೆ ತೆಗೆದವಳಲ್ಲ.

ಎರಡನೆಯ ವರ್ಷ ನನಗೊಂದು ಚಟ ಬಿದ್ದಿತ್ತು. ಶನಿವಾರ ಗಾಡಿ ಬರುವ ಮೊದಲೇ ವಾಡಿ ಸ್ಟೇಷನ್ನಿಗೆ ಹೋಗಿ ಕೂಡುತ್ತಿದ್ದೆ. ಒಮ್ಮೆ ಅವಳು ಇಳಿದಳು, ಡಬ್ಬಿಯ ಬಾಗಿಲಲ್ಲಿ ನಿಂತ ಒಬ್ಬ ಅವಳ ಚೀಲವನ್ನು ಕೆಳಗೆ ಕೊಟ್ಟ. ಏನೋ ಅಂದ. ಅವಳು ನಕ್ಕಳು. ನನ್ನ ಒಲೆಯ ಮುಂದೆ ನಕ್ಕ ಹಾಗೆಯೇ.

"ಯಾರಂವ?"

"ನಮ್ ಕ್ಲಾಸಿನವರ್ರಿ. ಕಲಬುರಗಿಯವರು."

"ಲಗ್ನಕ್ಕ ಕೇಳ್ಯಾನೇನು?"

ಅವಳು ಚೀಲ ಈ ಕೈಯಿಂದ ಆ ಕೈಗೆ ಬದಲಿಸಿದಳು. "ಕೇಳ್ಯಾರ್ರಿ. ಆಗೂದಿಲ್ಲ ಅಂದೀನಿ."

"ಯಾಕ? ಛಲೋ ಇಲ್ಲೇನು?"

"ಛಲೋ ಅದಾರ್ರಿ. ನೀವ್ ಒಬ್ಬರೇ ಆಗ್ತೀರಿ."

ಅದನ್ನು ಕೇಳಿ ಮೊದಲು ನನಗೆ ಹಿಗ್ಗೇ ಆಯಿತು. ಆ ಹಿಗ್ಗು ಮನೆ ಮುಟ್ಟುವತನಕ ಇತ್ತು. ರೊಟ್ಟಿ ಬಡಿಯುವಾಗ ಸಿಟ್ಟು ಬಂತು. ಇಪ್ಪತ್ತೈದೂ ತುಂಬದವಳು ನನ್ನ ಮುಪ್ಪನ್ನು ಕಾಯುತ್ತ ಕೂಡುವುದೆಂದರೆ ಏನು? "ನಿನಗ ಬ್ಯಾಡಾದ್ರ ಬ್ಯಾಡ ಅನ್ನು. ನನ್ ಹೆಸರು ಹಚ್ಚಬ್ಯಾಡ" ಎಂದೆ. ಅವಳು ಉಣ್ಣದೆ ಎದ್ದಳು.

ಮರುವಾರ ನಾನೇ ಬಸ್ಸು ಹತ್ತಿ ಸುಲೇಪೇಟಕ್ಕೆ ಹೋದೆ. ಕಲಬುರಗಿಯ ಹುಡುಗನ ವಿಷಯ ಹೇಳಿದೆ. ಅವಳ ಅಪ್ಪ ಮಷೀನು ತುಳಿಯುತ್ತಿದ್ದವನು ಕಾಲು ನಿಲ್ಲಿಸಿದ.

"ಅಕ್ಕಾರ, ಅತ್ತಿ ಆದವರು ನೀವೇ ಬಂದು ಹೇಳ್ಲಿಕತ್ತೀರೇನ್ರಿ?"

"ಮತ್ಯಾರು ಹೇಳಬೇಕು? ನೀವಂತೂ ಅಂಗಿ ಹೊಲ್ಕೊಂತ ಕುಂತೀರಿ. ಓದು ಮುಗೀಲಿ, ಆಮ್ಯಾಲ ಮಾಡ್ರಿ."

ನಮ್ಮ ಮಂದಿಯಲ್ಲಿ ಗಂಡ ಸತ್ತವಳಿಗೆ ಎರಡನೆಯ ಮದುವೆ ಇಲ್ಲವೆಂದಲ್ಲ. ಉಡಿಕಿ ಎನ್ನುತ್ತೇವೆ. ತವರಿನವರೇ ಮಾಡಿ ಕೊಡುತ್ತಾರೆ. ಮೊದಲ ಮನೆಯ ಅತ್ತೆ ಅಲ್ಲಿಗೆ ಹೋಗುವಂತಿಲ್ಲ. ಆ ಮೇಲೆ ಅವಳೂ ಮೊದಲ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ತುಳಿದರೆ ಹೊಸ ಗಂಡನಿಗೆ ಕೇಡು ಎನ್ನುತ್ತಾರೆ. ನಂಬುವವರು ನಂಬುತ್ತಾರೆ. ನಾನು ಸುಲೇಪೇಟದ ಬಸ್ಸು ಹತ್ತಿದಾಗಲೇ ಇದೆಲ್ಲ ಗೊತ್ತಿದ್ದು ಹತ್ತಿದವಳು.

ಅವಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಆ ಹುಡುಗನ ಜೊತೆಗೇ ಉಡಿಕಿ ಗೊತ್ತಾಯಿತು. ತನ್ನ ಸೀರೆಗಳನ್ನೂ ಆ ಝೆರಾಕ್ಸ್ ಹಾಳೆಗಳನ್ನೂ ಒಯ್ಯಲು ಕೊನೆಯ ಸಲ ಬಂದಳು. ಹಾಳೆಗಳನ್ನು ಕಟ್ಟಿ ಹಗ್ಗ ಬಿಗಿದು ಅದರ ಮೇಲೇ ಕೂತಳು.

"ಅತ್ತಿ, ರೂಢಿ ಇದ್ರ ಇರ್ಲಿ. ನಾ ಬರ್ತೀನ್ರಿ. ನೀವ್ ಒಮ್ಮಿ ಹೂಂ ಅನ್ರಿ ಸಾಕು."

"ಅನ್ನೂದಿಲ್ಲ."

"ಯಾಕ್ರಿ?"

"ನೀ ಇಲ್ಲಿಗಿ ಬಂದು ಹೋದ ಮ್ಯಾಲ ನಿನ್ ಮನ್ಯಾಗ ಯಾರಿಗರ ನೆಗಡಿ ಬಂದ್ರೂ ನಿನ್ ಮ್ಯಾಲೇ ಹಾಕ್ತಾರ. ಹೊಸಾ ಮನಿ. ಹೋಗು, ಗಾಡಿ ಹೊತ್ತಾತು."

ಅವಳು ಕಾಲಿಗೆ ಬಿದ್ದಳು. ನಾನು ಎತ್ತಲಿಲ್ಲ. ಎತ್ತಿದ್ದರೆ ಬಿಡಲು ಆಗುತ್ತಿರಲಿಲ್ಲ.

ಬಾಯಲ್ಲಿ ಬೇಡ ಎಂದೆ. ಆದರೆ ಬರುತ್ತಾಳೆ ಅಂದುಕೊಂಡಿದ್ದೆ. ಹುಡುಗಿಯರು ಹಟ ಮಾಡುತ್ತಾರಲ್ಲ, ಹಾಗೆ ಒಂದು ದಿನ ಬಂದು ನಿಲ್ಲುತ್ತಾಳೆ, ಬೈದರಾಯಿತು ಎಂದು... ಅವಳು ಬರಲಿಲ್ಲ. ಒಪ್ಪಿಗೆ ಇಲ್ಲದ ಬಾಗಿಲನ್ನು ಮುಟ್ಟದವಳು ಅವಳು. ಪಂಚಮಿ ಬಂದಾಗ ಪಕ್ಕದ ಮನೆಯ ಫೋನಿಗೆ ಮಾಡುತ್ತಿದ್ದಳು. ಆರಾಮ ಅದೀನಿ ಅಂತ ಹೇಳ್ರಿ ಎಂದು ನಾನು ಫೋನಿಗೆ ಹೋಗದೆ ಮನೆಯಿಂದಲೇ ಹೇಳಿ ಕಳಿಸುತ್ತಿದ್ದೆ. ಪಕ್ಕದವರು ಮನೆ ಮಾರಿ ಹೋದರು. ಫೋನೂ ಹೋಯಿತು. ನಾನು ವಾಡಿಯಲ್ಲೇ ಕೊಟ್ಟಿದ್ದ ಮಗಳ ಮನೆ ಸೇರಿದೆ.

ಇಷ್ಟು ವರ್ಷ ಯಾರನ್ನೂ ಅವಳ ಬಗ್ಗೆ ಕೇಳಿರಲಿಲ್ಲ. ಅಂದು ಚಿತ್ತಾಪುರದಲ್ಲಿ ಆ ಬಿಸಿ ಹಾಳೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದರೆ ಸುಲೇಪೇಟದ ಮೇಲೆ ಚಿಂಚೋಳಿಗೆ ಹೋಗುವ ಬಸ್ಸು ನಿಂತಿತ್ತು. ಕಿಟಕಿಯ ಹತ್ತಿರ ಕೂತ ಮುದುಕನನ್ನು, ಸುಲೇಪೇಟದವರೇನ್ರಿ ಎಂದು ಕೇಳಿದೆ. ಹೌದೆಂದ. ಟೇಲರನ ಹಿರಿಮಗಳು ಹೆಂಗದಾಳ್ರಿ ಎಂದೆ.

"ಕಾಲೇಜಿನ್ಯಾಗ ಕಂಪ್ಯೂಟರ್ ಹೇಳಿಕೊಡ್ತಿದ್ಳಲ್ಲ, ಅಕೀ ಏನ್ರಿ? ಅಕಿ ಹೋಗಿ ಎರಡ್ ವರ್ಷಾತು. ಹೊಟ್ಯಾಗ ಗಡ್ಡಿ ಆಗಿತ್ತಂತ. ಒಂದು ಹೆಣ್ಣ ಕೂಸದ." ಆ ಮೇಲೆ ನನ್ನನ್ನು ಮೇಲೆ ಕೆಳಗೆ ನೋಡಿದ. "ನಿಮಗ ಏನಾಗಬೇಕ್ರಿ ಅಕಿ?"

"ಏನೂ ಆಗಬೇಕಿಲ್ರಿ" ಎಂದೆ. ಸುಳ್ಳೇನಲ್ಲ. ರೂಢಿಯ ಪ್ರಕಾರ ಏನೂ ಆಗಬೇಕಿರಲಿಲ್ಲ. ಅದಕ್ಕೇ ನನಗೆ ಯಾರೂ ಹೇಳಿ ಕಳಿಸಿರಲಿಲ್ಲ.

ನಮ್ಮವರು ಸತ್ತ ಸುದ್ದಿ ಎಷ್ಟು ತಡವಾಗಿ ಬಂದರೂ ಕೇಳಿದ ಕೂಡಲೇ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಬೇರೆಯವರಿಗೆ ಅದಿಲ್ಲ. ಮನೆಗೆ ಬಂದು ಸೀದಾ ಬಚ್ಚಲಿಗೆ ಹೋಗಿ ಉಟ್ಟ ಸೀರೆಯಲ್ಲೇ ಕೂತೆ. ನೀರು ಹಾಕಲು ಮೊಮ್ಮಗಳನ್ನು ಕೂಗಿದೆ.

"ಈ ಹೊತ್ತಿನ್ಯಾಗ ಯಾಕ ಜಳಕ ಆಯಿ? ಯಾರ್ ಸತ್ರು?"

"ನನ್ ಸೊಸಿ."

"ನಿನಗ ಸೊಸಿ ಎಲ್ಲಿದ್ಳು?"

"ಇದ್ಳು. ನೀ ನೀರ್ ಹಾಕು" ಎಂದೆ.