ಬೇಲಿಯಾಚೆಯ ಸ್ಕಾಟ್ಸ್

ನಾವಿರುವ ಕೇಟಿ ಊರಿನ ಬಿಸಿಲಿಗೆ ಪಕ್ಕದ ಮನೆಯ ಅಜ್ಜನ ಕಿವಿಗಳೆರಡೂ ಟೊಮೇಟೊ ಹಣ್ಣಿನಂತೆ ಕೆಂಪಾಗಿರುತ್ತಿದ್ದವು. ಟೋಪಿ ಹಾಕಿಕೊಳ್ಳಿ ಎಂದರೆ ಕೇಳುವ ಪೈಕಿಯವರಲ್ಲ. ಸ್ಕಾಟ್ಲೆಂಡಿನ ಕರಾವಳಿಯವರು, ಎಣ್ಣೆ ಕಂಪನಿಯ ಕೆಲಸಕ್ಕೆ ಬಂದು ಇಲ್ಲೇ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಗಳು ಆಸ್ಟಿನ್‌ನಲ್ಲಿದ್ದಳು.

ನಮ್ಮೊಡನೆ ಅವರದು ಇಸ್ತ್ರಿ ಮಾಡಿದಂಥ ಇಂಗ್ಲಿಷ್. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಕೂತು ಊರಿನ ಅಕ್ಕನಿಗೆ ಫೋನ್ ಮಾಡಿದಾಗ ಮಾತ್ರ ಬೇರೆಯೇ ಮನುಷ್ಯ. ದನಿ ಏರುತ್ತಿತ್ತು, ನಗು ಬೇಲಿ ದಾಟಿ ನಮ್ಮ ಅಡುಗೆಮನೆಗೆ ಬರುತ್ತಿತ್ತು. ಅದು ಅವರ ಊರಿನ ಭಾಷೆ, ಸ್ಕಾಟ್ಸ್. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅದನ್ನು ಆಡಿದ್ದಕ್ಕೆ ಮೇಷ್ಟ್ರು ಚರ್ಮದ ಪಟ್ಟಿಯಿಂದ ಅಂಗೈಗೆ ಬಾರಿಸಿದ್ದರಂತೆ. “ಅದು ಭಾಷೆಯೇ ಅಲ್ಲ, ಕೆಟ್ಟ ಇಂಗ್ಲಿಷ್ ಅಂದರು. ನಾನೂ ನಂಬಿಬಿಟ್ಟೆ,” ಎಂದಿದ್ದರು ಒಮ್ಮೆ. ಮಗಳಿಗೆ ಕಲಿಸಿರಲೇ ಇಲ್ಲ.

ಆ ಅಕ್ಕ ತೀರಿಕೊಂಡ ಮೇಲೆ ಒಂದು ಭಾನುವಾರ ಬೇಲಿಯ ಹತ್ತಿರ ಬಂದರು. “ನಿನ್ನ ತಾಯಿಯ ಜೊತೆ ಮಾತಾಡ್ತೀಯಲ್ಲ, ಆ ಭಾಷೆಯಲ್ಲಿ ನನ್ನ ಜೊತೆ ಮಾತಾಡು. ನಾನು ನನ್ನದರಲ್ಲಿ ಮಾತಾಡ್ತೇನೆ. ಅರ್ಥ ಆಗದಿದ್ದರೂ ಪರವಾಗಿಲ್ಲ.”

ನಾನು ಧಾರವಾಡದವಳು. ಇಲ್ಲಿನ ಕನ್ನಡ ಕೂಟದಲ್ಲಿ ಯಾರಾದರೂ ನಕ್ಕಾರೆಂದು ಮೈಸೂರಿನವಳಂತೆ ಮಾತಾಡುತ್ತಿದ್ದೆ. ಅಜ್ಜನೆದುರು ಆ ಹಂಗಿರಲಿಲ್ಲ. “ಈ ಬಿಸಲಾಗ ನಿಂತು ಏನ್ ಮಾಡ್ಲಿಕತ್ತೀರಿ ಅಜ್ಜಾರ?” ಎಂದು ಶುರುಮಾಡಿದರೆ ಅವರೇನೋ ಉತ್ತರ ಕೊಡುತ್ತಿದ್ದರು. ಮೊದಮೊದಲು ತಲೆಬುಡ ತಿಳಿಯಲಿಲ್ಲ. ಎರಡು ವರ್ಷ ಕೇಳಿದ ಮೇಲೆ ಅವರ ಸ್ಕಾಟ್ಸ್ ನನ್ನ ಕಿವಿಯಲ್ಲಿ ಧಾರವಾಡದ ಕನ್ನಡವಾಗಿಯೇ ಇಳಿಯತೊಡಗಿತು. ಅದಕ್ಕೇ ಅವರ ಮಾತನ್ನು ಇಲ್ಲಿ ಹಾಗೇ ಬರೆಯುತ್ತಿದ್ದೇನೆ.

ಒಮ್ಮೆ ಅಜ್ಜನಿಗೆ ಅವರ ಅಕ್ಕನ ಮೊಮ್ಮಗಳು ಸ್ಕಾಟ್ಸ್‌ನಲ್ಲೇ ಮೆಸೇಜ್ ಕಳಿಸಿದಳು. “ನೋಡು ತಂಗಿ, ಈಗಿನ ಹುಡುಗ್ರು ಇದನ್ನ ಬರೀಲಿಕತ್ತಾರ!” ಎಂದು ಫೋನ್ ನನ್ನ ಕೈಗೇ ಕೊಟ್ಟರು. ಆಮೇಲೆ ಉತ್ತರ ಬರೆಯಲು ಕೂತು, ಅಳಿಸಿ ಅಳಿಸಿ, ಕಡೆಗೆ ಇಂಗ್ಲಿಷಿನಲ್ಲಿ ಕಳಿಸಿದರು. ನನಗೆ ಸಂಕಟವಾಯಿತು.

ಈ ವರ್ಷ ಅಜ್ಜ ಆಸ್ಪತ್ರೆ ಸೇರಿದರು. ಮಗಳು ಅಲ್ಲಿಂದ ಫೋನ್ ಮಾಡಿ ಅತ್ತಳು. “ಅಪ್ಪನಿಗೆ ಭ್ರಮೆ ಶುರುವಾಗಿದೆ ಅಂತ ನರ್ಸ್ ಹೇಳ್ತಿದ್ದಾರೆ. ಏನು ಮಾತಾಡ್ತಿದ್ದಾರೋ ನನಗೂ ಗೊತ್ತಾಗ್ತಿಲ್ಲ.”

ಡ್ರೈವ್ ಮಾಡಿಕೊಂಡು ಹೋದೆ. ಅಜ್ಜನ ಬಾಯಿಗೆ ಕಿವಿಯಿಟ್ಟೆ. “ಬಾಯಿ ಒಣಗೇದ, ಒಂಚೂರು ನೀರ ಕೊಡ್ರಿ.” ಅಷ್ಟೇ.

“ಇದು ಭ್ರಮೆಯಲ್ಲ, ಅವರ ಭಾಷೆ. ನೀರು ಕೇಳ್ತಿದ್ದಾರೆ,” ಎಂದೆ. ಮಗಳು ಲೋಟ ಹಿಡಿದು ಕುಡಿಸಿದಳು. ನರ್ಸ್ ಒಳ್ಳೆಯ ಹೆಂಗಸು; ಗೋಡೆಯ ಬಿಳಿ ಹಲಗೆಯಲ್ಲಿ ‘ಭಾಷೆ: ಇಂಗ್ಲಿಷ್’ ಎಂದಿದ್ದುದನ್ನು ಒರೆಸಿ, ನನ್ನನ್ನು ಕೇಳಿ ‘ಸ್ಕಾಟ್ಸ್’ ಎಂದು ಬರೆದಳು. ಅಜ್ಜ ಕನ್ನಡಕ ಹಾಕಿಸಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು.

ಮಗಳು ನನ್ನನ್ನು ಕಾರಿಡಾರಿಗೆ ಕರೆದಳು. “ನೀರು ಬೇಕಾ ಅಂತ ಅಪ್ಪನ ಭಾಷೆಯಲ್ಲಿ ಹೇಗೆ ಕೇಳೋದು?” ಧಾರವಾಡದವಳಾದ ನಾನು ಸ್ಕಾಟಿಷ್ ಅಪ್ಪನ ಮಗಳಿಗೆ ಸ್ಕಾಟ್ಸ್ ಹೇಳಿಕೊಟ್ಟೆ. ಅವಳು ಒಳಗೆ ಹೋಗಿ ತಪ್ಪುತಪ್ಪಾಗಿ ಕೇಳಿದಳು. ಅಜ್ಜ ನಕ್ಕು, ತಿದ್ದಿದರು. ಮತ್ತೆ ಕೇಳಿದಳು, ಮತ್ತೆ ತಿದ್ದಿದರು. ಅಜ್ಜನಿಗೆ ಇನ್ನುಳಿದಿದ್ದ ಮೂರು ದಿನವೂ ಅಪ್ಪ ಮಗಳು ಅದನ್ನೇ ಮಾಡಿದರು.