ನೀಲಿ ಕಾರಿನ ಮೇಲಿನ ಗೀರು

ಕಳೆದ ಭಾನುವಾರ ಮಗ ಒಂದು ಡಬ್ಬಿಯ ಮುಚ್ಚಳ ತಿರುವಿದ. ಸೀಮೆಎಣ್ಣೆಯಂಥ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ನೆತ್ತಿಗೇರಿತು. ಅವನ ತಪ್ಪೇನೂ ಇರಲಿಲ್ಲ. ನಮ್ಮ ಈಗಿನ ಕಾರನ್ನು ಮನೆಯಲ್ಲೇ ಹೊಸದರಂತೆ ಮಾಡುತ್ತೇನೆಂದು ಹನ್ನೊಂದು ಬಾಟಲಿ, ನಾಲ್ಕು ಥರದ ಬಟ್ಟೆ, ನೊರೆ ಚಿಮ್ಮಿಸುವ ಒಂದು ಗನ್ನು ತರಿಸಿಕೊಂಡು, ಯಾವುದು ಮೊದಲು ಯಾವುದು ಆಮೇಲೆ ಎಂದು ಫೋನಿನಲ್ಲಿ ನೋಡುತ್ತ ಗೇಟಿನ ಹತ್ತಿರ ಕೂತಿದ್ದ. ಆ ಡಬ್ಬಿಯಲ್ಲಿದ್ದದ್ದು ಗೀರು ತೆಗೆಯುವ ಕಾಂಪೌಂಡು. ಪಕ್ಕದ ಮನೆಯ ಚಾಚಾ ಅವರ ಅಂಗಿ ಯಾವಾಗಲೂ ಹಾಗೇ ನಾರುತ್ತಿತ್ತು.

ಚಾಚಾ ಅನ್ನುತ್ತಿದ್ದವಳು ನಾನೊಬ್ಬಳೇ. ತುಮಕೂರಿನ ನಮ್ಮ ಬೀದಿಗೆಲ್ಲ ಅವರು ಪಾಲಿಶ್ ಸಾಬರು. ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದೂ ಹೊಡೆದೂ ಕೆಮ್ಮು ಹತ್ತಿಸಿಕೊಂಡ ಮೇಲೆ ಆ ಕೆಲಸ ಬಿಟ್ಟು, ಮನೆಮನೆಗೆ ಹೋಗಿ ಕಾರು ತೊಳೆದು ಪಾಲಿಶ್ ಮಾಡಿಕೊಡುತ್ತಿದ್ದರು. ನಮ್ಮಪ್ಪ ಕೊಬ್ಬರಿ ವ್ಯಾಪಾರಿ. ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪ ಒಂದು ಕಡುನೀಲಿ ಕಾರು ಕೊಂಡರು, ಸೆಕೆಂಡ್ ಹ್ಯಾಂಡು. ನಾನಾಗ ಗುಬ್ಬಿಯ ಒಂದು ಶಾಲೆಯಲ್ಲಿ ಟೀಚರು. ವಾರವೆಲ್ಲ ಬಸ್ಸಿನಲ್ಲಿ ಜೋತಾಡಿ, ಭಾನುವಾರ ಬೆಳಿಗ್ಗೆ ಚಾಚಾ ನಮ್ಮ ಕಾರು ತೊಳೆಯುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ನೋಡಿ ನೋಡಿ ನನಗೂ ಬಂತು.

ಕಾರು ಮುಟ್ಟುವ ಮೊದಲು ಅವರು ಅಂಗೈಯ ಹಿಂಭಾಗವನ್ನು ಬಾನೆಟ್ಟಿಗೆ ಇಟ್ಟು ನೋಡುತ್ತಿದ್ದರು. ಬಿಸಿಯಿದ್ದರೆ ನೀರು ಹಾಕುತ್ತಿರಲಿಲ್ಲ. ಎರಡು ಬಕೆಟ್ಟು, ಒಂದರಲ್ಲಿ ನೊರೆ, ಇನ್ನೊಂದರಲ್ಲಿ ಬಟ್ಟೆ ಅಲುಬಲು ಬರೀ ನೀರು. ಬಟ್ಟೆಯ ಸೋಪಿನ ಪುಡಿ ಹತ್ತಿರವೂ ಸುಳಿಯಕೂಡದು. ತಲೆಗೆ ಹಾಕುವ ಶಾಂಪೂ ಸ್ಯಾಶೆ ಎರಡು ಸಾಕು. ಮೇಲಿನಿಂದ ಶುರು, ಚಕ್ರ ಕೊನೆಗೆ, ಚಕ್ರದ ಬಟ್ಟೆಯೇ ಬೇರೆ. ಒರೆಸುವುದು ನೇರಕ್ಕೆ, ಸುತ್ತಿಸಬಾರದು. ಬಟ್ಟೆ ನೆಲಕ್ಕೆ ಬಿತ್ತೋ, ಆವತ್ತಿನ ಮಟ್ಟಿಗೆ ಅದು ಸತ್ತ ಹಾಗೆ. ತೊಳೆದಾದ ಮೇಲೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಕಣ್ಣು ಮುಚ್ಚಿ ಬಾನೆಟ್ ಸವರುತ್ತಿದ್ದರು. ಕಣ್ಣಿಗೆ ಕಾಣದ ಮರಳೆಲ್ಲ ಆಗ ಬೆರಳಿಗೆ ಸಿಗುತ್ತಿತ್ತು. ಹೊಸ ಕಾಂಪೌಂಡನ್ನು ಮೊದಲು ಬಾಗಿಲಿನ ಒಳಅಂಚಿಗೆ ಹಚ್ಚಿ ನೋಡುವುದು, ವ್ಯಾಕ್ಸನ್ನು ಕಾಡಿಗೆಯಷ್ಟು ತೆಳ್ಳಗೆ ಹಚ್ಚುವುದು... ಬಟ್ಟೆ ಆರಿಸುವುದಕ್ಕೂ ಒಂದು ಕ್ರಮವಿತ್ತು.

"ಕೆನ್ನೆಗೆ ಒತ್ತಿ ನೋಡು ಬೇಟಾ. ಕೆನ್ನೆಗೆ ಚುಚ್ಚಿದ್ದು ಕಾರಿಗೂ ಚುಚ್ಚುತ್ತೆ. ಕಡುಬಣ್ಣ ಅಂದ್ರೆ ಕನ್ನಡಿ ಇದ್ದಂಗೆ, ಎಲ್ಲಾ ಹೇಳ್ಬುಡುತ್ತೆ."

ಆ ವರ್ಷ ಅಪ್ಪ ಕಾರನ್ನು ಯಡಿಯೂರಿಗೆ ಪೂಜೆಗೆ ಒಯ್ದರು. ಬಾನೆಟ್ ಮೇಲೆ ಅಂಗೈಯಗಲದ ಮೂರು ಪಟ್ಟೆ ವಿಭೂತಿ ಬಳಿಸಿಕೊಂಡು ಬಂದರು. ಅದನ್ನು ತೊಳೆಯಕೂಡದು, ತಾನಾಗಿಯೇ ಹೋಗಬೇಕು ಎಂದು ಮನೆಯವರಿಗೆಲ್ಲ ಅಪ್ಪಣೆಯಾಯಿತು. ಚಾಚಾ ಗೇಟಿನ ಆಚೆಯೇ ನಿಂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಸಾರ್, ನಿಮ್ಮ ದೇವ್ರ ಪ್ರಸಾದ, ನಾನು ಮುಟ್ಟಲ್ಲ. ನೀವೇ ಒಂದು ಚೊಂಬು ನೀರು ಹಾಕಿ ಇಳಿಸ್ಬುಡಿ. ಇಬ್ಬನಿ ಕೂತು ಬಿಸ್ಲು ಬಿದ್ರೆ ಬಣ್ಣಕ್ಕೆ ಕಚ್ಕತದೆ. ಒಣಗಿದ್ದನ್ನ ಮಾತ್ರ ಉಜ್ಜಬೇಡಿ."

ಅಪ್ಪ ಹೂಂ ಅಂದರು, ನೀರು ಹಾಕಲಿಲ್ಲ. ಹದಿನೈದು ದಿನ ವಿಭೂತಿ ಹಾಗೇ ಇತ್ತು, ಚಾಚಾ ಬಾನೆಟ್ ಬಿಟ್ಟು ಉಳಿದದ್ದಷ್ಟೇ ತೊಳೆಯುತ್ತಿದ್ದರು.

ಆಮೇಲೆ ಕುಣಿಗಲ್ಲಿನಿಂದ ನನ್ನನ್ನು ನೋಡಲು ಗಂಡಿನವರು ಬರುವ ದಿನ ಬಂತು. ಆ ಹೊತ್ತಿಗೆ ಇಬ್ಬರ ಮುಂದೆ ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿ ಬೇಡ ಎನ್ನಿಸಿಕೊಂಡಾಗಿತ್ತು. ಇನ್ನೊಂದು ಸಲ ಆಗುವುದಿಲ್ಲ ಎಂದು ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅಮ್ಮ ಹಿತ್ತಲಲ್ಲಿ ಹಿತ್ತಾಳೆ ದೀಪ, ಹುಣಿಸೇಹಣ್ಣು, ಬೂದಿ, ತೆಂಗಿನ ನಾರು ಇಟ್ಟು, ತಿಕ್ಕು ಎಂದರು. ನಲ್ಲಿಯಲ್ಲಿ ನೀರು ಬಂದು ನಾಲ್ಕು ದಿನವಾಗಿತ್ತು. ಇದ್ದ ಎರಡು ಬಿಂದಿಗೆ ಬೀಗರಿಗೆ ಮೀಸಲು. ತಿಕ್ಕಿದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರಲ್ಲ, ಹಾಗೆ ತಿಕ್ಕಿದೆ. ಅಷ್ಟರಲ್ಲಿ ಅಮ್ಮ ಮುಂಬಾಗಿಲಿಂದಲೇ ಕೂಗಿ, ಕಾರಿನ ಮುಂದೆ ಕಾಗೆ ಗಲೀಜು ಮಾಡಿದೆ, ಬಂದವರು ಮೊದಲು ಅದನ್ನೇ ನೋಡುತ್ತಾರೆ ಎಂದರು.

ನನಗೆ ಎಲ್ಲ ಗೊತ್ತಿತ್ತು. ನೀರು ಮೊದಲು, ಉಜ್ಜಬಾರದು, ಸುತ್ತಿಸಬಾರದು, ಕೆನ್ನೆಗೊತ್ತಿ ನೋಡಬೇಕು. ಅಷ್ಟು ಗೊತ್ತಿದ್ದೂ ಅದೇ ಹುಣಿಸೇಹಣ್ಣಿನ ಕೈಯಲ್ಲಿ ಅದೇ ನಾರು ಹಿಡಿದುಕೊಂಡು ಹೋಗಿ, ಕಾಗೆಯ ಗಲೀಜನ್ನೂ ಒಣಗಿದ ವಿಭೂತಿಯನ್ನೂ ಸೇರಿಸಿ, ಹಿತ್ತಾಳೆ ತಟ್ಟೆ ಬೆಳಗುವ ಹಾಗೆ ಗುಂಡಗುಂಡಗೆ ತಿಕ್ಕಿದೆ. ಕೈ ಸೋಲುವ ತನಕ ತಿಕ್ಕಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಚೆನ್ನಾಗಿಯೇ ಕಂಡಿತು. ಒಣಗಿದ ಮೇಲೆ ಬಿಸಿಲು ಬಿತ್ತು... ಬಾನೆಟ್ ತುಂಬ ಜೇಡರ ಬಲೆಯಂತೆ ಸುತ್ತುಸುತ್ತು ಬಿಳಿ ಗೀರುಗಳು.

ಬಂದವರು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋದರು. ತಿಳಿಸಲಿಲ್ಲ.

ಅವರು ಹೋದ ಮೇಲೆ ಅಪ್ಪ ಬಾನೆಟ್ ನೋಡಿದರು. ಎದುರು ಮನೆಯ ಯಜಮಾನರೂ ಬಂದು ನೋಡಿದರು. ಅಪ್ಪ ಚಾಚಾ ಅವರನ್ನು ಕೂಗಿ ಕರೆದು, "ಏನ್ ಸಾಬ್ರೇ ಇದು?" ಅಂದರು. ಚಾಚಾ ಬಗ್ಗಿ, ಒಂದು ಬೆರಳನ್ನು ಗೀರಿನ ಸುತ್ತ ನಿಧಾನಕ್ಕೆ ಆಡಿಸಿದರು. ಆಮೇಲೆ ತಲೆ ಎತ್ತಿ, ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಹುಣಿಸೇಹಣ್ಣಿನಲ್ಲಿ ನೆನೆದು ಸುಕ್ಕುಗಟ್ಟಿದ್ದ ಕೈ.

"ನಂದೇ ತಪ್ಪು ಸಾರ್. ಹೋದ ವಾರ ಹಾಕಿದ ಕಾಂಪೌಂಡು ಒರಟಿತ್ತು. ಸರಿ ಮಾಡ್ಕೊಡ್ತೀನಿ ಬುಡಿ."

ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದೆ. ಎರಡು ದಿನ ಅವರು ಕೆಮ್ಮುತ್ತ ಆ ಬಾನೆಟ್ ಉಜ್ಜಿದರು, ನಾನು ಗುಬ್ಬಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿ ಬಂದೆ. ಅರ್ಧದಷ್ಟು ಗೀರು ಹೋಯಿತು. ಅಷ್ಟರಲ್ಲಿ ಬೀದಿಯಲ್ಲಿ ಮಾತು ಹುಟ್ಟಿತ್ತು. ಸಾಬರಿಗೆ ವಿಭೂತಿ ಕಂಡರಾಗಲಿಲ್ಲ, ಬೇಕೆಂದೇ ಕೆರೆದು ಹಾಕಿದ್ದಾರೆ ಎಂದು. ಮುಟ್ಟಲ್ಲ ಅಂದವರೇ ಅವರು, ಅದನ್ನು ಕೇಳಿಸಿಕೊಂಡಿದ್ದ ಅಪ್ಪ ಮನೆಯಲ್ಲೇ ಇದ್ದರು. ಒಂದೊಂದಾಗಿ ಮನೆಗಳು ಅವರನ್ನು ಕರೆಯುವುದು ಬಿಟ್ಟವು. ಇಪ್ಪತ್ತು ವರ್ಷ ಬಾಳಿದ ಮನೆ ಬಿಟ್ಟು ಅವರು ಊರಾಚೆಯ ಕೋರದ ಹೈವೇ ಬದಿಗೆ ಹೋಗಿ ಲಾರಿ ತೊಳೆಯತೊಡಗಿದರು. ಆ ಮಾತು ಹುಟ್ಟಿಸಿದವರು ಎದುರು ಮನೆಯವರೇ ಎಂದು ನನಗೆ ಖಾತ್ರಿಯಿತ್ತು. ಅವತ್ತಿನಿಂದ ಅವರ ಮುಖಕ್ಕೆ ಮುಖ ಕೊಟ್ಟು ನಾನು ಮಾತಾಡಲಿಲ್ಲ.

ಐದಾರು ವರ್ಷದ ಮೇಲೆ, ಮದುವೆಯಾಗಿ ಮಗನೂ ಹುಟ್ಟಿದ ಮೇಲೆ, ಕೋರದಲ್ಲಿ ಬಸ್ಸಿಳಿದು ಅವರ ಹತ್ತಿರ ಹೋದೆ. ಅವತ್ತು ಕಾರು ಉಜ್ಜಿದ್ದು ನಾನು ಎಂದೆ.

"ನಾರಿನ ಗೀಟು ಬಟ್ಟೆ ಗೀಟು ಒಂದೇನಾ ಬೇಟಾ? ನೋಡಿದ ತಕ್ಷಣ ತಿಳೀತು. ಅವತ್ತು ನಿಂಗೆ ಆಗಿದ್ದೇ ಸಾಕಾಗಿತ್ತು, ಇದೊಂದು ಬೇರೆ ಯಾಕೆ ಅಂತ..."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರು ಕೇಳಿದ್ದರು ಇವರ ದೊಡ್ಡತನ? ಒಂದು ಬೈಗುಳ ತಿಂದರೆ ಮುಗಿಯುತ್ತಿದ್ದ ನನ್ನ ತಪ್ಪನ್ನು ಎತ್ತಿಕೊಂಡು ಹೋಗಿ ಹೈವೇ ಧೂಳಿನಲ್ಲಿ ಕೂತಿದ್ದರು. ಅಪ್ಪನಿಗೆ ಹೇಳಿ ಬೀದಿಗೆಲ್ಲ ನಿಜ ತಿಳಿಸುತ್ತೇನೆ ಎಂದೆ. ಅವರು ನಕ್ಕು, ಲಾರಿ ಚಕ್ರಕ್ಕೆ ನೀರು ಬಿಟ್ಟರು.

ತವರಿಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಅಡಕೆ ಜಗಿಯುವುದನ್ನೂ ನಿಲ್ಲಿಸಲಿಲ್ಲ.

"ಅವತ್ತೇ ಗೊತ್ತಿತ್ತು ಕಣಮ್ಮ. ವೈಪರ್ ಸಂದೀಲಿ ಹುಣಿಸೇಹಣ್ಣು ಮೆತ್ತಿದ ತೆಂಗಿನ ನಾರು ಸಿಕ್ಕಿತ್ತು. ಮನೆ ಹೆಣ್ಮಗಳೇ ವಿಭೂತೀನ ಪಾತ್ರೆ ತಿಕ್ಕೋ ನಾರಲ್ಲಿ ಕೆರೆದವಳೆ ಅಂತ ಹೇಳಕ್ಕಾಯ್ತದಾ? ಸಾಬ್ರೇ ಒಪ್ಕಂಡ್ರಲ್ಲ, ನಾನು ಸುಮ್ಕಾದೆ."

ಅಪ್ಪನೊಡನೆ ಮೂರು ತಿಂಗಳು ಮಾತು ಬಿಟ್ಟೆ. ಆದರೆ ಬೀದಿಗೆ ಮಾತ್ರ ಏನೂ ಹೇಳಲಿಲ್ಲ. ಇವತ್ತು ನಾಳೆ ಎನ್ನುತ್ತಿರುವಾಗಲೇ ಕೆಮ್ಮು ಚಾಚಾ ಅವರನ್ನು ಮುಗಿಸಿತು. ಮಣ್ಣಾದ ಹತ್ತು ದಿನಕ್ಕೆ ನನಗೆ ಗೊತ್ತಾಯಿತು. ಆಮೇಲೆ ಅಪ್ಪನೂ ಹೋದರು. ಈಗ ಅಪ್ಪನ ಅದೇ ಮನೆಯಲ್ಲಿ ನಾವಿದ್ದೇವೆ.

ಭಾನುವಾರ ಮಗ ಆ ಕಾಂಪೌಂಡನ್ನು ನೇರ ಬಾನೆಟ್ ನಡುವಿಗೆ ಸುರಿಯಲು ಹೊರಟಾಗ, ಬಾಗಿಲಿನ ಒಳಅಂಚಿಗೆ ಹಚ್ಚಿ ನೋಡು ಮೊದಲು ಎಂದು ಕಿತ್ತುಕೊಂಡೆ. ಎದುರು ಮನೆಯವರು ಕೋಲೂರಿಕೊಂಡು ಗೇಟಿಗೆ ಬಂದಿದ್ದರು. ಎಂಬತ್ತು ದಾಟಿದ ಮುದುಕ.

"ಪೂಜೆ ವಿಭೂತಿ ಇದ್ರೆ ನೋಡ್ಕಂಡು ಉಜ್ಜಪ್ಪ, ಆ ಸಾಬ ಮಾಡ್ದಂಗೆ ಮಾಡೀಯ."

ಅಷ್ಟು ವರ್ಷದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು. ಅವರು ಮುಟ್ಟಲೇ ಇಲ್ಲ, ಕೆರೆದವಳು ನಾನು, ಸುಳ್ಳು ಹುಟ್ಟಿಸಿ ಒಬ್ಬರ ಅನ್ನ ಕಿತ್ತವರು ನೀವು ಎಂದು ಮಗನ ಎದುರಿಗೇ ಅಂದುಬಿಟ್ಟೆ. ಮುದುಕನಿಗೆ ಕೋಪ ಬರಲಿಲ್ಲ. ನಿಜವಾಗಿಯೂ ಅರ್ಥವಾಗದವರಂತೆ ನನ್ನನ್ನೇ ನೋಡಿದರು.

"ನಾನೆಲ್ಲಿ ಹುಟ್ಟಿಸ್ದೆ ತಾಯಿ? ಅವತ್ತು ಸಾಯಂಕಾಲ ನಿಮ್ಮಪ್ಪನೇ ನಮ್ಮನೆ ಜಗಲೀಲಿ ಕೂತು ಹೇಳಿದ್ರಲ್ಲ."

ಅವರು ಕೋಲೂರಿಕೊಂಡು ವಾಪಸು ಹೋದರು. ಮಗ ಬಟ್ಟೆ ಹಿಡಿದುಕೊಂಡು, ಈಗೇನು ಮಾಡಲಿ ಅಮ್ಮ ಎಂದ. ಆ ಬಟ್ಟೆಯನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿ ನೋಡಿದೆ. ಮೆತ್ತಗಿತ್ತು. ಬೈಯುವುದಕ್ಕೆ ಅಪ್ಪನೂ ಇರಲಿಲ್ಲ, ಕಾಲು ಹಿಡಿಯುವುದಕ್ಕೆ ಚಾಚಾ ಕೂಡ ಇರಲಿಲ್ಲ. ಮೇಲಿನಿಂದ ಶುರು ಮಾಡು, ನೇರಕ್ಕೆ ಒರೆಸು ಎಂದು ಹೇಳಿ ಒಳಗೆ ಬಂದೆ.